ಸಬ್ಜಿ ಕೇಳಿದರೆ ಗಜ್ಜರಿ ಕೊಡುವ ಊರು

ಓದುಗರ ಪ್ರಶ್ನೆ, ನಮ್ಮ ಉತ್ತರ: ಪರದೇಶದ ಊಟ, ತಿರುಗಾಟ

ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೆಚ್ಚಿನವರು ‘ಅಲ್ಲಿ ವೆಜ್ ಸಿಗ್ತದೇನ್ರಿ?’ ಎಂದು ಕೇಳಿದ್ದಾರೆ. ಆ ಪ್ರಶ್ನೆಯೇ ಸ್ವಲ್ಪ ಸೊಟ್ಟಗಿದೆ. ಕಾಯಿಪಲ್ಯ ಸಿಗದ ದೇಶವಿಲ್ಲ. ಅದನ್ನು ಯಾವ ಕೊಬ್ಬಿನಲ್ಲಿ ಹುರಿದರು, ಯಾವ ನೀರಿನಲ್ಲಿ ಕುದಿಸಿದರು ಎಂದು ಕೇಳದೆ ಹೋದಾಗಲೇ ಎಡವಟ್ಟಾಗುವುದು.

ಪ್ರಶ್ನೆ: ಮಗಳು ಉಜ್ಬೇಕಿಸ್ತಾನದ ಸಮರ್‌ಖಂದದಾಗ ಎಂಬಿಬಿಎಸ್ ಓದಲಿಕತ್ತಾಳ. ಏಪ್ರಿಲ್‌ನಾಗ ನಾವು ಗಂಡ ಹೆಂಡತಿ ಹತ್ತು ದಿನ ಹೋಗಾವ್ರಿದ್ದೀವಿ. ನಾವು ತತ್ತಿನೂ ತಿನ್ನಂಗಿಲ್ಲ. ಆದ್ರ ಮೂರೂ ಹೊತ್ತು ಅಕಿ ರೂಮಿನಾಗ ಅನ್ನ-ಸಾರು ತಿಂದು ಬರೂದೂ ಮನಸ್ಸಿಲ್ಲ. ಆ ಊರಿಂದು ಏನ್ ತಿನ್ನಬೇಕು, ಏನ್ ನೋಡಬೇಕು ಹೇಳ್ರಿ.
(ಭಾಲ್ಕಿಯ ಓದುಗರು)

ಉತ್ತರ: ಬೀದರ ಸೀಮೆಯವರಿಗೆ ಉಜ್ಬೇಕ್ ಭಾಷೆಯ ಅಡುಗೆಮನೆ ಅರ್ಧ ಪರಿಚಿತವೇ. ಮಾಂಸಕ್ಕೆ ಗೋಶ್ತ್, ಉಳ್ಳಾಗಡ್ಡಿಗೆ ಪಿಯೋಜ್, ರೊಟ್ಟಿಗೆ ನಾನ್, ಜೀರಿಗೆಗೆ ಜಿರಾ, ಚಹಾಕ್ಕೆ ಚೊಯ್. ಇದೇ ಸಲಿಗೆಯಲ್ಲಿ ಮೋಸವೂ ಹೋಗುತ್ತೀರಿ. ಅಲ್ಲಿ ‘ಸಬ್ಜಿ’ ಎಂದರೆ ಗಜ್ಜರಿ ಮಾತ್ರ. ಎಲ್ಲ ತರಕಾರಿಗೂ ಸೇರಿ ಇರುವ ಪದ ‘ಸಬ್ಜಾವೊತ್’. ‘ಮುರ್ಚ್’ ಎಂದರೆ ಕರಿಮೆಣಸು. ಖಾರದ ಮೆಣಸಿನಕಾಯಿ ಬೇಕಿದ್ದರೆ ‘ಕಲಂಪಿರ್’ ಎನ್ನಬೇಕು.

ಮಾಂಸ ಬೇಡ ಎನ್ನಲು ‘ಗೋಶ್ತ್‌ಸಿಜ್’ ಎಂಬ ಮಾತಿದೆ, ಆದರೆ ಅದೊಂದೇ ಸಾಲದು. ಕುಂಬಳಕಾಯಿ ತುಂಬಿದ ಸೊಮ್ಸಾವನ್ನು ‘ಗೋಶ್ತ್‌ಸಿಜ್’ ಎಂದೇ ಕೊಡುತ್ತಾರೆ. ಒಳಗೆ ಮಾಂಸದ ತುಂಡು ಇರುವುದೂ ಇಲ್ಲ. ಆದರೆ ಕುಂಬಳದ ಜೊತೆ ದುಂಬಾ ಕುರಿಯ ಬಾಲದ ಕೊಬ್ಬನ್ನು ಸಣ್ಣಗೆ ಹೆಚ್ಚಿ ಹಾಕುವುದು ಅಲ್ಲಿನ ರೂಢಿ. ತಂದೂರಿನ ಕಾವಿಗೆ ಅದು ಕರಗಿ ಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ‘ದುಂಬಾ ಬೋರ್‌ಮಿ?’, ಅಂದರೆ ‘ದುಂಬಾ ಇದೆಯಾ?’ ಎಂಬ ಎರಡನೆಯ ಪ್ರಶ್ನೆಯನ್ನೂ ಬಾಯಿಪಾಠ ಮಾಡಿಕೊಂಡು ಹೋಗಿ.

ನಾನ್ ವಿಷಯದಲ್ಲೂ ಇದೇ ಎಚ್ಚರ ಇರಲಿ. ‘ಓಬಿ ನಾನ್’ ಎಂಬುದು ಹಿಟ್ಟು, ನೀರು, ಉಪ್ಪು, ಯೀಸ್ಟ್ ಅಷ್ಟೆ. ಪದರು ಪದರಾದ ‘ಪತಿರ್’ಗೆ ಬೆಣ್ಣೆಯೋ ಕುರಿಕೊಬ್ಬೋ ಬಿದ್ದಿರುತ್ತದೆ. ನಾನಿನ ನಡುವೆ ಕಾಣುವ ಚುಕ್ಕಿಚುಕ್ಕಿಯ ಹೂವು ಬರೀ ಅಲಂಕಾರವಲ್ಲ. ‘ಚೆಕಿಚ್’ ಎಂಬ ಮೊಳೆ ಬಡಿದ ಅಚ್ಚಿನಿಂದ ಚುಚ್ಚಿದ ಕಡೆ ಉಗಿ ಹೊರಗೆ ಹೋಗಿ ನಡುಭಾಗ ಉಬ್ಬದೆ ಗರಿಯಾಗುತ್ತದೆ, ಅಂಚು ಮಾತ್ರ ಉಬ್ಬಿ ಮೆತ್ತಗಿರುತ್ತದೆ. ನಾನನ್ನು ಚಾಕುವಿನಿಂದ ಕೊಯ್ಯದೆ ಕೈಯಿಂದ ಮುರಿಯುತ್ತಾರೆ. ಬೋರಲು ಮಾಡಿ ಇಡುವುದು, ನೆಲದ ಮೇಲೆ ಇಡುವುದು ಅವರಿಗೆ ಸರಿಬರುವುದಿಲ್ಲ. ಇದರ ಜೊತೆಗೆ ಸುಜ್ಮಾ ತಿನ್ನಿ. ಅದು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಮೊಸರು, ನಮ್ಮ ಚಕ್ಕಾ. ಟೊಮೆಟೊ, ಉಳ್ಳಾಗಡ್ಡಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿದ ಅಚ್ಚಿಚುಕ್ ನಿಮ್ಮ ನಾಲಿಗೆಗೆ ಕೂಡಲೇ ಹೊಂದುತ್ತದೆ. ಕುರ್ತ್ ಎಂಬ ಬಿಳಿ ಗುಂಡುಗಳು ಒಣಗಿಸಿದ ಮೊಸರಿನವು. ಬಲು ಉಪ್ಪು, ಬಿಪಿ ಇದ್ದವರು ಒಂದು ಚೂರು ನಾಲಿಗೆಗೆ ತಾಗಿಸಿದರೆ ಸಾಕು. ಇವೆಲ್ಲವೂ ಬೀಬಿ ಖಾನಂ ಮಸೀದಿಯ ಪಕ್ಕದ ಸಿಯೋಬ್ ಬಜಾರಿನಲ್ಲಿ ಸಿಗುತ್ತವೆ.

ಪಲೋವ್ (ಅವರ ಮಾತಿನಲ್ಲಿ ಓಶ್) ತಟ್ಟೆಯಿಂದ ಮಾಂಸ ತೆಗೆದಿಟ್ಟು ತಿನ್ನುತ್ತೇವೆ ಎನ್ನುವವರಿಗೆ ಒಂದು ಮಾತು: ಅಕ್ಕಿ ಬೇಯುವುದೇ ಮಾಂಸದ ರಸದಲ್ಲಿ. ರುಚಿ ನೋಡಲೇಬೇಕೆಂದರೆ ಮಗಳ ಅಡುಗೆಮನೆಯಲ್ಲಿ ಮಾಡಿ. ನಾಲ್ಕು ಜನಕ್ಕೆ ಅಕ್ಕಿ ಅರ್ಧ ಕಿಲೋ, ಗಜ್ಜರಿ ಅರ್ಧ ಕಿಲೋ, ದೊಡ್ಡ ಉಳ್ಳಾಗಡ್ಡಿ 2, ಎಣ್ಣೆ 150 ಮಿಲಿ, ರಾತ್ರಿ ನೆನೆಸಿದ ಕಾಬೂಲಿ ಕಡಲೆ 100 ಗ್ರಾಂ, ಜೀರಿಗೆ 1 ಚಮಚ, ಇಡೀ ಬಳ್ಳೊಳ್ಳಿ ಗಡ್ಡೆ 1. ಎಣ್ಣೆ ಚೆನ್ನಾಗಿ ಕಾದ ಮೇಲೆ ಉಳ್ಳಾಗಡ್ಡಿಯನ್ನು ಕಂದು ಬಣ್ಣಕ್ಕೆ ತನ್ನಿ. ಗಜ್ಜರಿಯನ್ನು ಬೆಂಕಿಕಡ್ಡಿಗಿಂತ ತುಸು ದಪ್ಪಗೆ ಹೆಚ್ಚಿ ಹಾಕಿ, ಆರೇಳು ನಿಮಿಷ ಬಾಡಿಸಿ. ತುರಿದರೆ ಕೆಟ್ಟಿತು, ಕರಗಿ ಗೊಜ್ಜಾಗುತ್ತದೆ. ಜೀರಿಗೆ, ಕಡಲೆ, ಮುಳುಗುವಷ್ಟು ನೀರು ಹಾಕಿ, ಕಡಲೆ ಮೆತ್ತಗಾಗುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ಅರ್ಧ ತಾಸು ಮುಕ್ಕಾಲು ತಾಸು ಹಿಡಿಯಬಹುದು. ಈ ರಸಕ್ಕೆ ಉಪ್ಪು ಒಂದು ಕೈ ಮುಂದೆಯೇ ಇರಬೇಕು, ಅಕ್ಕಿ ಅದನ್ನು ಹೀರಿಕೊಳ್ಳುತ್ತದೆ. ಅರ್ಧ ತಾಸು ನೆನೆದ ಅಕ್ಕಿಯನ್ನು ಮೇಲೆ ಸಮನಾಗಿ ಹರವಿ, ಅದರ ಮೇಲೆ ಒಂದು ಸೆಂಟಿಮೀಟರ್ ನಿಲ್ಲುವಷ್ಟು ಬಿಸಿನೀರು ಸುರಿದು ಉರಿ ಜೋರು ಮಾಡಿ. ಇಲ್ಲಿಂದ ಮುಂದೆ ಸೌಟು ಮುಟ್ಟಬೇಡಿ. ಕಲಕಿದರೆ ಅಕ್ಕಿ ಮುರಿದು, ಗಂಜಿ ಬಿಟ್ಟು ಮುದ್ದೆಯಾಗುತ್ತದೆ. ನೀರು ಇಂಗಿದ ಮೇಲೆ ಬಳ್ಳೊಳ್ಳಿ ಗಡ್ಡೆಯನ್ನು ನಡುವೆ ಹೂತು, ಬಟ್ಟೆ ಸುತ್ತಿದ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ 20–25 ನಿಮಿಷ ಇಡಿ. ಸಮರ್‌ಖಂದದವರು ಬಡಿಸುವಾಗಲೂ ಕಲಸುವುದಿಲ್ಲ. ತಟ್ಟೆಯ ತಳಕ್ಕೆ ಅನ್ನ, ಅದರ ಮೇಲೆ ಗಜ್ಜರಿ.

ನೋಡುವುದರ ಬಗ್ಗೆ: ಹೊರಡುವ ಮುಂಚೆ ಬೀದರಿಗೆ ಹೋಗಿ ಮಹಮೂದ್ ಗವಾನ್ ಮದರಸಾವನ್ನು ಮತ್ತೊಮ್ಮೆ ನಿಧಾನಕ್ಕೆ ನೋಡಿ. 1472ರ ಆ ಕಟ್ಟಡದಲ್ಲಿ ಉಳಿದಿರುವುದು ಒಂದೇ ಮಿನಾರು, ಮುಖಭಾಗದಲ್ಲಿ ಅಲ್ಲಲ್ಲಿ ಬಣ್ಣದ ಹೆಂಚು. ಇರಾನಿನ ಗಿಲಾನ್‌ನಿಂದ ಬಂದ ಗವಾನನಿಗೆ ಮನಸ್ಸಿನಲ್ಲಿದ್ದ ಮಾದರಿ ಎಂಥದೆಂಬುದು ಸಮರ್‌ಖಂದದ ರೆಜಿಸ್ತಾನ್ ಚೌಕದಲ್ಲಿ ತಿಳಿಯುತ್ತದೆ. ಅಲ್ಲಿ ಮೂರು ಮದರಸಾಗಳಿವೆ. ಪಶ್ಚಿಮಕ್ಕೆ ಉಲುಗ್ ಬೇಗನದು (1417–20), ಎದುರಿಗೆ ಶೇರ್‌ದೋರ್ (1619–36), ನಡುವೆ ತಿಲ್ಲಾಕಾರಿ (1646–60). ಉಲುಗ್ ಬೇಗನದು ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲಿನಲ್ಲಿ ನೋಡಬೇಕು. ಹುಲಿ, ಜಿಂಕೆ, ಸೂರ್ಯಮುಖ ಬಿಡಿಸಿರುವ ಶೇರ್‌ದೋರ್‌ಗೆ ಸಂಜೆಯ ಬಿಸಿಲು. ಒಂದೇ ಹೊತ್ತಿನಲ್ಲಿ ಎರಡನ್ನೂ ಮುಗಿಸಿದವರಿಗೆ ಒಂದು ಕಟ್ಟಡದ ಹೆಂಚು ಮಂಕಾಗಿಯೇ ಕಾಣುತ್ತದೆ. ಅಲ್ಲಿನ ಹೊಳಪಿನಲ್ಲಿ 20ನೇ ಶತಮಾನದ ದುರಸ್ತಿಯ ಪಾಲು ದೊಡ್ಡದು. ಮುಟ್ಟದೆ ಉಳಿದ ಹಳೆಯ ಹೆಂಚಿನ ಗತ್ತು ಬೇಕೆಂದರೆ ನಮ್ಮ ಬೀದರದ್ದೇ ಮೇಲು ಎನ್ನುವವರೂ ಇದ್ದಾರೆ, ನಾವೂ ಆ ಪಕ್ಷ. ಸಮಾಧಿಗಳ ಓಣಿಯಾದ ಶಾಹಿ ಜಿಂದಾಕ್ಕೆ ಮೆಟ್ಟಿಲು ಹತ್ತಬೇಕು, ತಲೆ ಮೇಲೆ ಸೆರಗೋ ದುಪಟ್ಟಾವೋ ಇರಲಿ.

ತಾಷ್ಕೆಂಟಿನಿಂದ ಅಫ್ರೊಸಿಯೋಬ್ ರೈಲು ಎರಡು ತಾಸು ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. ಏಪ್ರಿಲ್‌ನಲ್ಲಿ ಟಿಕೆಟ್ ಬೇಗ ಖಾಲಿಯಾಗುತ್ತವೆ, ಪಾಸ್‌ಪೋರ್ಟಿನಲ್ಲಿದ್ದಂತೆಯೇ ಹೆಸರು ಹಾಕಿಸಿ. ಹೋಟೆಲಿನಲ್ಲಿ ಇಳಿದರೆ ವಿದೇಶಿಯರ ನೋಂದಣಿಯನ್ನು ಅವರೇ ಮಾಡುತ್ತಾರೆ. ಮಗಳ ಬಾಡಿಗೆ ಮನೆಯಲ್ಲಿ ಉಳಿದರೆ ಬಂದ ಮೂರು ದಿನದೊಳಗೆ ಮನೆ ಮಾಲೀಕರಿಂದ ಮಾಡಿಸಿ, ಚೀಟಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ತಮ್ಮ ಇಥಿಯೋಪಿಯಾದ ಅಡಿಸ್ ಅಬಾಬಾದಾಗ ಕಾಲೇಜಿನಾಗ ಪಾಠ ಹೇಳ್ತಾನ. ಜ್ವಾಳದ ರೊಟ್ಟಿ ಇಲ್ಲದ ಸೊರಗ್ಯಾನ. ಅಲ್ಲಿ ಇಂಜೆರಾ ಅಂತ ಹುಳಿ ದ್ವಾಸಿ ಇರ್ತದಂತ, ಹೊಟ್ಟಿ ಉಬ್ತದ ಅಂತಾನ. ಇಲ್ಲಿಂದ ಒಯ್ದ ತೊಗರಿಬ್ಯಾಳಿನೂ ಕುದಿಯಂಗಿಲ್ಲಂತ. ಏನ್ ಮಾಡಬೇಕು?
(ಶಹಾಪುರದ ಓದುಗರು, ಯಾದಗಿರಿ ಜಿಲ್ಲೆ)

ಉತ್ತರ: ಮೊದಲು ಬೇಳೆ. ದೋಷ ನಮ್ಮ ತೊಗರಿಯದಲ್ಲ, ಊರಿನ ಎತ್ತರದ್ದು. ಅಡಿಸ್ ಅಬಾಬಾ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 92 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಬಿಸಿಯಾಗದು. ಬೇಳೆಯನ್ನು ಒಂದು ತಾಸು ನೆನೆಸಿ ಕುಕ್ಕರಿನಲ್ಲೇ ಬೇಯಿಸಲಿ, ಊರಿನಲ್ಲಿ ಕೂಗಿಸುವುದಕ್ಕಿಂತ ಎರಡು ಸೀಟಿ ಹೆಚ್ಚಿಗೆ. ಹುಣಸೆಹುಳಿ, ಟೊಮೆಟೊ ಮೊದಲೇ ಬಿದ್ದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಬೆಂದ ಮೇಲೆ ಹಾಕಲಿ.

ಇನ್ನು ರೊಟ್ಟಿ. ಜೋಳದ ತವರೇ ಈಶಾನ್ಯ ಆಫ್ರಿಕಾ. ಇಥಿಯೋಪಿಯಾದ ಸಂತೆಯಲ್ಲಿ ಅದನ್ನು ‘ಮಾಶಿಲ್ಲಾ’ ಎಂದು ಕೇಳಬೇಕು. ಕೆಂಪು, ಕಂದು ಬಣ್ಣದ ಕಾಳು ಒಗರಾಗಿರುತ್ತವೆ, ಬಿಳಿಯದನ್ನೇ ಆರಿಸಿ ಹೊಸದಾಗಿ ಬೀಸಿಸಲಿ. ಹಿಟ್ಟು ಹಳತಾದಷ್ಟೂ ಜಿಗಿ ಹೋಗಿ, ತಟ್ಟುವಾಗ ಅಂಚು ಬಿರಿಯುತ್ತದೆ. ನೀರು ಕುದಿ ಬಂದ ಕ್ಷಣದಲ್ಲೇ ಹಿಟ್ಟಿಗೆ ಸುರಿಯಬೇಕು. ಅಲ್ಲಿ ಕುದಿನೀರೇ ಕಡಿಮೆ ಬಿಸಿ, ಆರಲು ಬಿಟ್ಟರೆ ಜಿಗಿ ಬರುವುದೇ ಇಲ್ಲ.

ಇಂಜೆರಾ ಟೆಫ್ ಎಂಬ ಸಾಸಿವೆಗಿಂತ ಸಣ್ಣ ಕಾಳಿನದು. ಹಿಟ್ಟು ಎರಡು ಮೂರು ದಿನ ಹುಳಿಯುತ್ತದೆ. ಒಂದೇ ಕಡೆ ಬೇಯಿಸುವುದರಿಂದ ಮೇಲ್ಮೈ ತುಂಬ ಕಣ್ಣುಗಳು. ಮೊದಲ ವಾರ ಮಧ್ಯಾಹ್ನಕ್ಕೆ ಅರ್ಧ ಇಂಜೆರಾ ಮಾತ್ರ ತಿಂದು, ರಾತ್ರಿ ಬಿಡಲಿ. ಹೊಟ್ಟೆ ಒಗ್ಗಿದಂತೆ ಹೆಚ್ಚಿಸಬಹುದು. ಬಿಸಿ ಆರಿದ ಮೇಲೆಯೇ ಬಡಿಸುವ ಪದಾರ್ಥ ಅದು, ‘ತಣ್ಣಗಿದೆ’ ಎಂದು ವಾಪಸ್ ಕಳಿಸಿದರೆ ನಗುತ್ತಾರೆ.

ಶಾಕಾಹಾರಿಗೆ ಇಥಿಯೋಪಿಯಾದಂಥ ಅನುಕೂಲದ ದೇಶ ಆಫ್ರಿಕಾದಲ್ಲಿ ಕಡಿಮೆ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ‘ತ್ಸೋಮ್’, ಅಂದರೆ ಉಪವಾಸ ಹಿಡಿಯುತ್ತಾರೆ. ಮಾಂಸ, ಹಾಲು, ತುಪ್ಪ, ತತ್ತಿ ಏನೂ ಇಲ್ಲ. ಈಸ್ಟರಿಗೆ ಮುಂಚೆ ಇದೇ ಕ್ರಮ 55 ದಿನ ನಡೆಯುತ್ತದೆ. ಹೋಟೆಲಿನಲ್ಲಿ ‘ಯೆತ್ಸೋಮ್ ಬೆಯಾಯ್ನೆತು’ ಎಂದರೆ ದೊಡ್ಡ ಇಂಜೆರಾ ಮೇಲೆ ಏಳೆಂಟು ಬಗೆಯ ಬೇಳೆ, ಸೊಪ್ಪು, ಪಲ್ಯ ಬರುತ್ತದೆ. ಎರಡು ತೊಡಕುಗಳಿವೆ. ಉಪವಾಸದ ದಿನ ಮೀನು ನಡೆಯುತ್ತದೆ ಎನ್ನುವವರೂ ಇದ್ದಾರೆ, ಮೀನಿಗೆ ‘ಆಸಾ’ ಎನ್ನುತ್ತಾರೆ, ಬೇಡವೆಂದು ಹೇಳಬೇಕು. ಮತ್ತೆ, ಈಸ್ಟರ್ ಆದ ಮೇಲಿನ 50 ದಿನ ಬುಧವಾರ–ಶುಕ್ರವಾರದ ಉಪವಾಸವೇ ಇಲ್ಲ, ಆಗ ಈ ತಟ್ಟೆ ಸಿಗುವುದು ಕಷ್ಟ. ಕಡಲೆಹಿಟ್ಟಿನ ಶಿರೋ, ನಮ್ಮ ಝುಣಕದ ದಾಯಾದಿ, ಎಲ್ಲ ದಿನ ಸಿಗುತ್ತದೆ. ಆದರೆ ಉಪವಾಸವಲ್ಲದ ದಿನ ಅದಕ್ಕೆ ಮಸಾಲೆ ಬೆಣ್ಣೆ ಬೀಳುತ್ತದೆ, ‘ಬೊಜೆನಾ ಶಿರೋ’ದಲ್ಲಿ ಮಾಂಸವೇ ಇರುತ್ತದೆ. ಬೆರ್ಬೆರೆಯನ್ನು ಖಾರದಪುಡಿ ಎಂದುಕೊಂಡು ಸಾರಿಗೆ ಹಾಕಬಾರದು. ಅದರಲ್ಲಿ ಮೆಂತ್ಯ, ಏಲಕ್ಕಿ ಜಾತಿಯ ಕೊರರಿಮಾ ಎಲ್ಲ ಸೇರಿರುತ್ತವೆ. ಯಾರಾದರೂ ತುತ್ತು ಮಾಡಿ ಬಾಯಿಗೇ ಇಟ್ಟರೆ ಗಾಬರಿ ಬೇಡ, ಅದು ‘ಗುರ್ಶಾ’, ಅಕ್ಕರೆ.

ತಿರುಗಾಟಕ್ಕೆ ಹೊರಟಾಗ ದಾರಿ ತಪ್ಪಿಸುವುದು ಗಡಿಯಾರ. ಅವರ ಲೆಕ್ಕ ಸೂರ್ಯೋದಯದಿಂದ ಶುರು, ನಮ್ಮ ಬೆಳಗಿನ 7 ಅವರಿಗೆ 1 ಗಂಟೆ. ‘ಬಸ್ 12ಕ್ಕೆ’ ಎಂದರೆ ನಸುಕಿನ 6 ಇರಬಹುದು. ‘ಹಬೆಶಾ (ಅಲ್ಲಿನವರ) ಲೆಕ್ಕವೋ, ಫೆರೆಂಜ್ (ಹೊರದೇಶದವರ) ಲೆಕ್ಕವೋ’ ಎಂದು ಕೇಳಿಯೇ ಟಿಕೆಟ್ ಕೊಳ್ಳಲಿ. ಈ ಫೆರೆಂಜ್ ನಮ್ಮ ‘ಫಿರಂಗಿ’ಯ ಬಳಗದ್ದೇ. ಬಂಡೆಯಲ್ಲಿ ಕೊರೆದ 11 ಚರ್ಚುಗಳ ಲಾಲಿಬೆಲಾ 1978ರಿಂದ ವಿಶ್ವ ಪರಂಪರೆಯ ತಾಣ. ಎಲ್ಲೋರಾ ಕೈಲಾಸದಂತೆ ಮೇಲಿನಿಂದ ಕೆಳಗೆ ಕಡಿದದ್ದು. ಆ ಭಾಗದಲ್ಲಿ ಆಗಾಗ ಗಲಭೆ ಇರುವುದರಿಂದ ಭಾರತೀಯ ರಾಯಭಾರ ಕಚೇರಿಯ ಸೂಚನೆ ನೋಡಿಕೊಂಡೇ ಹೊರಡಬೇಕು.

ಪ್ರಶ್ನೆ: ಒಸಾಕಾದಲ್ಲಿ ಕೆಲಸಕ್ಕಿದ್ದೇನೆ. ಮೀಸೊ ಸೂಪ್, ಉಡಾನ್ ‘ವೆಜ್’ ಎಂದುಕೊಂಡು ಮೂರು ತಿಂಗಳು ತಿಂದೆ. ಈಗ ಸಹೋದ್ಯೋಗಿಯೊಬ್ಬರು ಅದರಲ್ಲಿ ಮೀನಿದೆ ಅಂದರು. ನಿಜವೇ? ಪೂರ್ತಿ ಶಾಕಾಹಾರದ ಜಪಾನಿ ಊಟ ಎಲ್ಲಾದರೂ ಇದೆಯೇ?
(ಕಲಬುರಗಿಯ ಓದುಗರು)

ಉತ್ತರ: ನಿಜ. ಜಪಾನಿ ಅಡುಗೆಯ ಬುನಾದಿ ‘ದಾಶಿ’ ಎಂಬ ಕಟ್ಟು. ಸಾಮಾನ್ಯವಾಗಿ ಅದನ್ನು ಹೊಗೆಯಲ್ಲಿ ಒಣಗಿಸಿದ ಕತ್ಸುಒ ಮೀನಿನ ತೆಳ್ಳನೆಯ ಚೂರುಗಳಿಂದ ತೆಗೆಯುತ್ತಾರೆ. ಹುದುಗಿಸಿದ ಸೋಯಾದ ಮೀಸೊ ಸೂಪ್, ಶಾವಿಗೆಯಂಥ ಉಡಾನಿನ ರಸ, ಇನ್ನೊಂದು ಬಗೆಯ ಶಾವಿಗೆ ಸೊಬಾ ಅದ್ದುವ ತ್ಸುಯು, ಸಿಹಿ ತೊಫು ಚೀಲದ ಇನಾರಿ ಎಲ್ಲದರಲ್ಲೂ ಅದಿರುತ್ತದೆ. ಅಡುಗೆಯವರ ಮಟ್ಟಿಗೆ ಮೀನು ಎಂದರೆ ಕಣ್ಣಿಗೆ ಕಾಣುವ ತುಂಡು, ಕಟ್ಟು ಆ ಲೆಕ್ಕಕ್ಕೆ ಬರುವುದಿಲ್ಲ. ಪೊಟ್ಟಣದ ಅಲರ್ಜಿ ಪಟ್ಟಿಯನ್ನೂ ನಂಬುವಂತಿಲ್ಲ. ಸೀಗಡಿ, ಏಡಿ ಕಡ್ಡಾಯವಾಗಿ ನಮೂದಾಗುತ್ತವೆ, ಕತ್ಸುಒ ಆಗುವುದಿಲ್ಲ. ಆ ಸಹೋದ್ಯೋಗಿಯ ಕೈಯಲ್ಲೇ ಜಪಾನಿಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಳ್ಳಿ: ‘ಮಾಂಸ, ಮೀನು, ತತ್ತಿ ತಿನ್ನುವುದಿಲ್ಲ, ಮೀನಿನ ದಾಶಿಯೂ ನಡೆಯದು, ಕೊಂಬು ದಾಶಿ ನಡೆಯುತ್ತದೆ.’ ಕೊನೆಯ ತುಣುಕೇ ಮುಖ್ಯ. ಬೇಡ ಎನ್ನುವುದರ ಜೊತೆ ಏನು ನಡೆಯುತ್ತದೆಂದು ಹೇಳಿದರೆ ಅವರಿಗೆ ಮಾಡಿಕೊಡಲು ಸುಲಭ.

ಕೊಂಬು ಎಂದರೆ ಕಡಲಪಾಚಿ. ಮನೆಯಲ್ಲಿ ದಾಶಿ ಮಾಡಲು ಒಂದು ಲೀಟರ್ ನೀರಿಗೆ 10 ಗ್ರಾಂ ಸಾಕು. ಮೇಲಿನ ಬಿಳಿ ಪುಡಿಯನ್ನು ತೊಳೆಯಬೇಡಿ, ರುಚಿ ಇರುವುದೇ ಅದರಲ್ಲಿ. ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ರಾತ್ರಿ ಫ್ರಿಜ್ಜಿನಲ್ಲಿ ನೆನೆಯಲು ಬಿಡಿ. ಬೆಳಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ ಕೊಂಬು ಎತ್ತಿಬಿಡಿ. ಕುದಿಸಿದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ಮೀಸೊವನ್ನು ಉರಿ ಆರಿಸಿದ ಮೇಲೆ ಕದಡಬೇಕು. ದಾಶಿ ಬೆರೆಸಿದ ಮೀಸೊವೂ ಅಂಗಡಿಯಲ್ಲಿ ಇರುತ್ತದೆ, ಡಬ್ಬಿ ಓದಿಸಿ ಕೊಳ್ಳಿ. ಬಜ್ಜಿಯಂಥ ತರಕಾರಿ ತೆಂಪುರಾದ ಹಿಟ್ಟಿಗೆ ತತ್ತಿ ಬೀಳುತ್ತದೆ, ಎಣ್ಣೆ ಸೀಗಡಿ ಕರಿದದ್ದೇ ಇರುತ್ತದೆ. ಚಳಿಗಾಲದಲ್ಲಿ ಅಂಗಡಿ ಮುಂದೆ ಸುಡುವ ಗೆಣಸು ಯಾಕಿ ಇಮೊ ಮಾತ್ರ ಯಾವ ವಿಚಾರಣೆಯೂ ಇಲ್ಲದೆ ತಿನ್ನಬಹುದು.

ಪೂರ್ತಿ ಶಾಕಾಹಾರ ಬೌದ್ಧ ಮಠಗಳ ‘ಶೋಜಿನ್ ರ್ಯೋರಿ’. ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ಇಲ್ಲ. ಒಸಾಕಾಕ್ಕೆ ಹತ್ತಿರವೇ ಇರುವ ಕೋಯಾಸಾನ್‌ಗೆ ಹೋಗಿ. ಕೂಕೈ ಎಂಬ ಸನ್ಯಾಸಿ 816ರಲ್ಲಿ ಅಡಿಪಾಯ ಹಾಕಿದ ಕ್ಷೇತ್ರ. ಒಸಾಕಾದ ನಂಬಾದಿಂದ ನಾನ್‌ಕಾಯ್ ರೈಲಿನಲ್ಲಿ ಗೊಕುರಾಕುಬಾಶಿಗೆ, ಅಲ್ಲಿಂದ ಕೇಬಲ್ ಕಾರ್, ಮೇಲೆ ಬಸ್. ಕೇಬಲ್ ಕಾರ್ ನಿಲ್ದಾಣದಿಂದ ಊರೊಳಗೆ ಹೋಗುವ ಬಸ್ ರಸ್ತೆಯಲ್ಲಿ ನಡೆದು ಹೋಗಲು ಬಿಡುವುದಿಲ್ಲ. ಮಠದಲ್ಲಿ ರಾತ್ರಿ ಉಳಿಯುವುದಾದರೆ ಸಂಜೆ 5ರೊಳಗೆ ಮುಟ್ಟಿ. ಊಟ 5.30–6ಕ್ಕೇ ಬರುತ್ತದೆ, ತಡವಾದರೆ ಉಪವಾಸ. ಎಳ್ಳು, ಕುಜು ಗಡ್ಡೆಯ ಹಿಟ್ಟಿನಿಂದ ಮಾಡುವ ಗೊಮಾ ದೋಫು ಬಟ್ಟಲಿನಲ್ಲಿ ನಡುಗುತ್ತಿರುತ್ತದೆ. ಹೆಸರು ತೊಫು, ಒಳಗೆ ಸೋಯಾ ಇಲ್ಲ. ಒಕುನೊಇನ್ ಸ್ಮಶಾನದ 2 ಕಿಲೋಮೀಟರ್ ದಾರಿಯಲ್ಲಿ ದೇವದಾರಿನಂಥ ಮರಗಳ ನಡುವೆ ಎರಡು ಲಕ್ಷಕ್ಕೂ ಮಿಕ್ಕಿದ ಗೋರಿಗಳಿವೆ. ಕೊನೆಯ ಸೇತುವೆ ದಾಟಿದ ಮೇಲೆ ಫೋಟೊ ತೆಗೆಯುವಂತಿಲ್ಲ. ಸುಮಾರು 800 ಮೀಟರ್ ಎತ್ತರದ ಊರು, ಸ್ವೆಟರ್ ಮರೆಯಬೇಡಿ.

ಪ್ರಶ್ನೆ: ನಮ್ಮ ಯಜಮಾನ್ರು ಸೌದಿದಾಗ ಅದಾರ. ಅಂಟಿನುಂಡಿ, ಮಸಾಲಿ ಖಾರ ಕಟ್ಟಿ ಕಳಸಬೇಕು. ಹಂಗ ಅಲ್ಲಿ ನೋಡುವಂಥಾ ಜಾಗಾ ಯಾವದು?
(ಚಿತ್ತಾಪುರದ ಓದುಗರು)

ಉತ್ತರ: ಅಕ್ಕಾರೆ, ಉಂಡಿಗೂ ಖಾರಕ್ಕೂ ಗಸಗಸೆ ಹಾಕಿದ್ದರೆ ಒಂದು ಕಾಳೂ ಕಳಿಸಬೇಡಿ. ಗಸಗಸೆ ಅಫೀಮಿನ ಗಿಡದ ಬೀಜ. ಸೌದಿಯಲ್ಲೂ ದುಬೈಯಲ್ಲೂ ಅದನ್ನು ಮಾದಕ ವಸ್ತುವಿನ ಲೆಕ್ಕದಲ್ಲಿ ಹಿಡಿಯುತ್ತಾರೆ, ಜೈಲಾಗುತ್ತದೆ. ‘ಗೊತ್ತಿರಲಿಲ್ಲ’ ಎಂದರೆ ಕೇಳುವುದಿಲ್ಲ. ಗಸಗಸೆ ಹುರಿದ ಬಾಣಲೆ, ಕುಟ್ಟಿದ ಮಿಕ್ಸರ್ ಚೆನ್ನಾಗಿ ತೊಳೆದು, ಬರೀ ಕೊಬ್ಬರಿ, ಉತ್ತತ್ತಿ, ಅಂಟಿನಲ್ಲಿ ಕಟ್ಟಿ. ಕೆಮ್ಮಿನ ಔಷಧ, ನೋವಿನ ಗುಳಿಗೆಗಳಲ್ಲಿ ಕೊಡೀನ್, ಟ್ರಮಡಾಲ್ ಇದ್ದರೆ ಅವೂ ಬೇಡ.

ನೋಡಲು ಅಲ್‌ಉಲಾ ಹತ್ತಿರದ ಹೆಗ್ರಾ. ನಬಾತಿಯರು ಎಂಬ ಪ್ರಾಚೀನ ಅರಬರು ಮರಳುಗಲ್ಲಿನಲ್ಲಿ ಕೊರೆದ ಸಮಾಧಿಗಳು, 2008ರಲ್ಲಿ ಸೌದಿಗೆ ಸಿಕ್ಕ ಮೊದಲ ವಿಶ್ವ ಪರಂಪರೆ ತಾಣ. ಟಿಕೆಟ್ ಮುಂಚೆಯೇ ಮಾಡಿಸಬೇಕು, ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಬೆಳಗಿನ ಊಟಕ್ಕೆ ತಮೀಸ್ ರೊಟ್ಟಿ, ಜೊತೆಗೆ ಬೆಂದ ಕಾಳಿನ ಫೂಲ್ ತಿನ್ನಲು ಹೇಳಿ, ಅಗ್ಗವೂ ಹೌದು, ಹೊಟ್ಟೆಗೆ ಗಟ್ಟಿಯೂ ಹೌದು. ದಾರಿಬದಿಯ ಹಸಿ ಒಂಟೆಹಾಲು ಮಾತ್ರ ಬೇಡ. ಕಾಯಿಸದೆ ಕುಡಿದರೆ ಬ್ರೂಸೆಲ್ಲಾ ಜ್ವರ ತಗಲುತ್ತದೆ, ವಾರಗಟ್ಟಲೆ ಬಿಡದು.

ಪ್ರಶ್ನೆ: ಜರ್ಮನಿಯಲ್ಲಿ ಪುಂಡಿಪಲ್ಯಕ್ಕೆ ಬದಲಿ ಏನಾದರೂ ಸಿಗುತ್ತದೆಯೇ?
(ಫ್ರಾಂಕ್‌ಫರ್ಟಿನಲ್ಲಿ ಓದುತ್ತಿರುವ ಸೇಡಂನ ವಿದ್ಯಾರ್ಥಿನಿ)

ಉತ್ತರ: ನೀವಿರುವ ಊರಿನಲ್ಲೇ ಇದೆ. ಫ್ರಾಂಕ್‌ಫರ್ಟಿನ ಹೆಸರಾಂತ ‘ಗ್ರ್ಯೂನೆ ಸೋಸೆ’ ಏಳು ಸೊಪ್ಪುಗಳ ತಣ್ಣನೆಯ ಹಸಿರು ಗೊಜ್ಜು. ಬೆಂದ ಆಲೂಗಡ್ಡೆ, ತತ್ತಿಯ ಜೊತೆ ಕೊಡುತ್ತಾರೆ. ಆ ಏಳರಲ್ಲಿ ಹುಳಿ ಕೊಡುವುದು ‘ಸಾವರ್‌ಆಂಪ್ಫರ್’. ವಸಂತದಿಂದ ಶರತ್ಕಾಲದವರೆಗೆ ವಾರದ ಸಂತೆಯಲ್ಲಿ ಅದನ್ನೊಂದೇ ಬಿಡಿಯಾಗಿ ಕೇಳಿ ಕೊಳ್ಳಿ. ಪುಂಡಿಯಂತೆ ಇದನ್ನು ಹೊತ್ತುಗಟ್ಟಲೆ ಬೇಯಿಸಿದರೆ ಏನೂ ಉಳಿಯುವುದಿಲ್ಲ, ಎರಡು ನಿಮಿಷಕ್ಕೆ ಕರಗಿ ಮಾಸಲು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಕಡಲೆಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿಯನ್ನು ಮೊದಲು ಪೂರ್ತಿ ಬೇಯಿಸಿ ಮಸೆದುಕೊಂಡು, ಸೊಪ್ಪನ್ನು ಕೊನೆಗೆ ಹಾಕಿ, ಮೇಲೆ ಬಳ್ಳೊಳ್ಳಿ ಒಗ್ಗರಣೆ ಕೊಡಿ. ನುಚ್ಚು ಸಿಗದಿದ್ದರೆ ಅಕ್ಕಿನುಚ್ಚೂ ನಡೆಯುತ್ತದೆ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಬರುತ್ತದೆ. ಈ ಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲ ಹೆಚ್ಚು. ಮೂತ್ರದ ಕಲ್ಲಿನ ತೊಂದರೆ ಇದ್ದವರು ದೂರ ಇರಲಿ. ಊರಿನಿಂದ ಬರುವವರ ಕೈಯಲ್ಲಿ ಶೇಂಗಾ ಹಿಂಡಿ, ಕಟಕ ರೊಟ್ಟಿ ತರಿಸಿಕೊಳ್ಳಬಹುದು. ತುಪ್ಪ, ಪೇಢೆ, ಖೋವಾ ಬೇಡವೆನ್ನಿ. ಹೊರದೇಶದ ಹಾಲಿನ ಪದಾರ್ಥವನ್ನು ಪ್ರಯಾಣಿಕರ ಚೀಲದಲ್ಲಿ ತರಲು ಐರೋಪ್ಯ ಒಕ್ಕೂಟ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದು ಎಸೆಯುತ್ತಾರೆ.